ತಂತಿಯ ಆ ತುದಿ

ನನಗೆ ಅವರ ಮುಖಕ್ಕಿಂತ ಅವರು ಟೈಪ್ ಮಾಡುವ ರೀತಿ ಹೆಚ್ಚು ಗೊತ್ತು. ಯಾವ ಅಕ್ಷರದ ಮುಂದೆ ತಡೆಯುತ್ತಾರೆ, ಯಾವುದನ್ನು ಎರಡು ಸಲ ಒತ್ತುತ್ತಾರೆ, ಸಿಟ್ಟು ಬಂದಾಗ ಪದಗಳ ನಡುವೆ ಜಾಗ ಬಿಡುವುದನ್ನು ಹೇಗೆ ಮರೆಯುತ್ತಾರೆ ಎಂದು ಈಗಲೂ ಹೇಳಬಲ್ಲೆ. ಒಟ್ಟಿಗೆ ಕೆಲಸ ಮಾಡಿದ ವರ್ಷಗಳಲ್ಲಿ ನಾವು ಹೆಚ್ಚಾಗಿ ಮಾತಾಡಿದ್ದು ಒಂದು ತಂತಿಯ ಎರಡು ತುದಿಗಳಲ್ಲಿ ಕುಳಿತು. ನಡುವೆ ಒಂದು ಇಡೀ ಅಂಗಳ ಇರುತ್ತಿತ್ತು, ಇಲ್ಲವೇ ಮೆಣಸಿನಕಾಯಿ ಚೀಲಗಳು ಸೂರಿನವರೆಗೆ ತುಂಬಿದ ಕೋಲ್ಡ್ ಸ್ಟೋರೇಜ್. ಹೋದ ತಿಂಗಳು ಅವರು ರಾಣೆಬೆನ್ನೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ನಮ್ಮದು ಹಾವೇರಿಯ ಒಂದು ಸಣ್ಣ ಕಂಪನಿ. ಲಾರಿ ತೂಗುವ ಕಾಟಾ, ಕೋಲ್ಡ್ ಸ್ಟೋರೇಜಿನ ಉಷ್ಣತೆ ತೋರಿಸುವ ಯಂತ್ರ, ಇಂಥವನ್ನು ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಕೆಲಸ. ಕಾಟಾ ಯಾವಾಗಲೂ ಗೇಟಿನ ಹತ್ತಿರ ಇರುತ್ತದೆ. ತೂಕ ದಾಖಲಾಗುವ ಕಂಪ್ಯೂಟರು ದೂರದ ಆಫೀಸಿನಲ್ಲಿ. ಕಾಟಾದ ಪೆಟ್ಟಿಗೆಯಿಂದ ತೂಕ ಸೀರಿಯಲ್ ಕೇಬಲಿನ ಮೇಲೆ ಅಂಕಿಯ ಹಿಂದೆ ಅಂಕಿಯಾಗಿ ಹೊರಡುತ್ತದೆ. ಆದರೆ ಆ ಕೇಬಲಿನ ಶಕ್ತಿ ಒಂದು ಕೋಣೆಯ ಅಳತೆಗಷ್ಟೇ. ಅಂಗಳ ದಾಟಿಸಿದರೆ ಅಂಕಿಗಳು ದಾರಿಯಲ್ಲೇ ಕೆಟ್ಟು, ಆಫೀಸಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಉದುರುತ್ತವೆ. ಅದಕ್ಕೆ ಎರಡೂ ತುದಿಗೆ ಒಂದೊಂದು ಮೋಡೆಮ್ ಹಾಕಿ, ನಡುವೆ ಟೆಲಿಫೋನ್ ತಂತಿ ಎಳೆಯುತ್ತೇವೆ. ಈ ಮೋಡೆಮ್ಮಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಸಾಬೂನಿನ ಡಬ್ಬಿಯಷ್ಟೇ ಇರುವ ಅದಕ್ಕೆ ಗೊತ್ತಿರುವುದು ಒಂದೇ: ಈ ಕಡೆ ಹಾಕಿದ್ದನ್ನು ಕೆಡದಂತೆ ಆ ಕಡೆಗೆ ಮುಟ್ಟಿಸುವುದು.

ಕೂಡಿಸಿದ ಮೇಲೆ ಲೈನನ್ನು ಪರೀಕ್ಷಿಸಬೇಕು. ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಹಳೆಯ ಲ್ಯಾಪ್‌ಟಾಪ್ ಹಚ್ಚಿಕೊಂಡು ಕುಳಿತುಕೊಳ್ಳುತ್ತೇವೆ. ಒಬ್ಬರು ಟೈಪ್ ಮಾಡಿದ್ದು ಇನ್ನೊಬ್ಬರ ಪರದೆಯ ಮೇಲೆ ಮೂಡಬೇಕು. ಕನ್ನಡ ಅಕ್ಷರ ಅದರಲ್ಲಿ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ಅವರು ಯಾವಾಗಲೂ ಆ ತುದಿ. ನಾನು ಈ ತುದಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಇಬ್ಬರೂ ಹೋದೆವು. ನನ್ನನ್ನು ಆಫೀಸಿನಲ್ಲಿ ಕೂರಿಸಿ ಅವರು ಕಾಟಾದ ಕಡೆ ನಡೆದರು. ಸ್ವಲ್ಪ ಹೊತ್ತು ಬಿಟ್ಟು ಮೋಡೆಮ್ಮಿನ ಹಸಿರು ದೀಪ ಹತ್ತಿತು. ನಾನು 'ನಮಸ್ಕಾರ ಸರ್' ಎಂದು ಟೈಪ್ ಮಾಡಿದೆ. ತಕ್ಷಣ 'ನಮಸ್ಕಾರ ಸರ್' ಎಂದು ಬಂತು. ಹಿರಿಯರು ನನಗೆ ಸರ್ ಎನ್ನುತ್ತಾರಲ್ಲ, ಇಲ್ಲಿಯ ತಮಾಷೆ ಇರಬೇಕು ಅಂದುಕೊಂಡೆ. 'ಊಟ ಆಯಿತಾ?' ಎಂದೆ. 'ಊಟ ಆಯಿತಾ?' ಎಂದು ಕೇಳಿದರು. 'ನನ್ನದು ಆಯಿತು' ಎಂದೆ. ಅವರದೂ ಆಗಿತ್ತು. ಹೀಗೆ ಇನ್ನೂ ಒಂದೆರಡು ಮಾತಾಗುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಾಗಿ ಪರದೆ ಓದುತ್ತಿದ್ದುದು ಗೊತ್ತಾಯಿತು.

"ಯಾರ ಜೊತಿ ಮಾತಾಡಾಕತ್ತಿ ಬೇಟಾ?"

"ನಿಮ್ಮ ಜೊತಿರಿ ಸರ್."

"ನಾ ಚಾ ಕುಡ್ಯಾಕ ಹೋಗಿದ್ನಲ್ಲ!"

ಆ ತುದಿಯಲ್ಲಿ ಅವರು ಲೂಪ್ ಹಾಕಿಟ್ಟು ಹೋಗಿದ್ದರು. ಅದೊಂದು ಪುಟ್ಟ ಪ್ಲಗ್. ಒಳಗೆ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಕೂಡಿಸಿರುತ್ತಾರೆ. ಈ ಕಡೆಯಿಂದ ಹೋದದ್ದು ಅಲ್ಲಿ ತಿರುಗಿ ಹಾಗೇ ವಾಪಸು ಬರುತ್ತದೆ. ಕಾಲೇಜಿನಲ್ಲಿ ಇದರ ಚಿತ್ರ ಬರೆದು ಅಂಕವನ್ನೂ ಪಡೆದಿದ್ದೆ. ಎದುರಿಗೆ ಬಂದು ಊಟ ಆಯಿತಾ ಎಂದಾಗ ಗುರುತು ಹತ್ತಲಿಲ್ಲ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡು, "ಲೂಪ್ ಹಾಕಿದಾಗ ನಿನ್ನ ಮಾತು ನಿನಗ ಬಂದ್ರ ವಾಯರ್ ಚಲೋ ಐತಿ ಅಂತ ತಿಳ್ಕೊ, ಅಷ್ಟ. ಆ ಕಡೆ ಯಾರರ ಅದಾರ ಅಂತ ತಿಳ್ಕೊಬ್ಯಾಡ," ಎಂದರು.

ಆ ಕಡೆ ತಾವು ನಿಜವಾಗಿ ಇದ್ದೇವೆ ಎಂದು ತಿಳಿಸಲು ಅವರದೊಂದು ಪದ್ಧತಿ ಇತ್ತು. ಲೂಪ್ ಕಿತ್ತು ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ 'ಬಂತೇನು?' ಎಂದು ಕಳಿಸುವರು. ನಾನು 'ಬಂತು' ಎನ್ನಬೇಕು. ಆಮೇಲೆ ನಾನು 'ಬಂತೇನು?' ಎನ್ನಬೇಕು, ಅವರು 'ಬಂತು' ಎನ್ನುವರು. ಇದಾಗದೆ ಬೇರೆ ಮಾತಿಲ್ಲ.

ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನೂ ಹಾಗೇ ಕರೆಯತೊಡಗಿದೆ. ತೆಳ್ಳಗಿನ, ಎತ್ತರದ ಮನುಷ್ಯ. ಮೆಹಂದಿ ಹಚ್ಚಿದ ಕೂದಲು. ಅಂಗಿಗೆ ಇಸ್ತ್ರಿ ಇಲ್ಲದೆ ರಾಣೆಬೆನ್ನೂರಿನ ಬಸ್ಸು ಹತ್ತಿದವರಲ್ಲ. ಬ್ಯಾಡಗಿಯ ಅಂಗಳದಲ್ಲಿ ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮುವಾಗ ಇವರು ಕಾಲರ್ ಮೇಲೆ ಧೂಳು ಬಿತ್ತೇ ಎಂದು ನೋಡಿಕೊಳ್ಳುವರು. ತಮ್ಮ ಬಗ್ಗೆ ಅವರಿಗೆ ಸಾಕಷ್ಟು ದೊಡ್ಡ ಅಭಿಪ್ರಾಯವಿತ್ತು. ಒಮ್ಮೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಲೈನೇ ಏಳಲಿಲ್ಲ. ಕಳಿಸುವ ಜೋಡಿ ತಂತಿ ಆ ಕಡೆಯ ಕೇಳುವ ಜಾಗಕ್ಕೆ ಹೋಗಬೇಕು. ಅವರು ಕಳಿಸುವುದನ್ನು ಕಳಿಸುವುದಕ್ಕೇ ಕೂಡಿಸಿದ್ದರು. ನಾನು ಹೋಗಿ ನೋಡಿ, "ಚಾಚಾ, ಇವು ಅದಲು ಬದಲು ಆಗ್ಯಾವ್ರಿ," ಎಂದೆ. "ಗೊತ್ತೈತಿ. ನಿನಗ ಗೊತ್ತಾಗ್ತದೋ ಇಲ್ಲೋ ಅಂತ ನೋಡಿದೆ," ಎಂದರು. ಆಮೇಲೆ ಸಂಜೆಯ ತನಕ ನನ್ನ ಜೊತೆ ಮಾತಿಲ್ಲ.

ಲೈನಿನ ಮೇಲೆ ಮಾತ್ರ ಅವರು ಬೇರೆ ಮನುಷ್ಯ. ಪರೀಕ್ಷೆಗೆ ನಾಲ್ಕು ಅಕ್ಷರ ಸಾಕು. ಅವರು ನಿಲ್ಲಿಸುತ್ತಿರಲಿಲ್ಲ. ಉಷ್ಣತೆಯ ಯಂತ್ರದ ಹತ್ತಿರ ಕುಳಿತಿದ್ದರೆ 'ಇಲ್ಲಿ ಥಂಡಿ ಬಾಳ, ಬೆರಳು ತಪ್ಪಿದ್ರ ನಗಬ್ಯಾಡ' ಎನ್ನುವರು. ಕಾಟಾದ ಹತ್ತಿರವಾದರೆ ಅಂಗಳದ ವರದಿ. ಡ್ರೈವರ್ ಮತ್ತು ಕ್ಲೀನರ್ ಜಗಳ, ಚೀಲದ ಮೇಲೆ ನಿದ್ದೆ ಹೋದ ಹಮಾಲ, ಲಾರಿಯ ಹಿಂದೆ ಬರೆಸಿದ ದೊಡ್ಡ ದೊಡ್ಡ ಮಾತುಗಳಲ್ಲಿಯ ತಪ್ಪು. ನಾನು ಆಫೀಸಿನ ಗೋಡೆಗೆ ಮುಖ ಮಾಡಿ ಕುಳಿತು ಆ ಅಂಗಳವನ್ನೆಲ್ಲ ಓದುತ್ತಿದ್ದೆ.

ಒಂದು ಸಲ ಎಲ್ಲ ಮುಗಿಸಿ ಅವರು ಲ್ಯಾಪ್‌ಟಾಪ್ ಕಿತ್ತು ಕಾಟಾದ ಪೆಟ್ಟಿಗೆಯನ್ನು ಲೈನಿಗೆ ಹಚ್ಚಿದರು. ಲಾರಿ ಇರಲಿಲ್ಲ, ನನ್ನ ಪರದೆಯಲ್ಲಿ ಸೊನ್ನೆ ಬರಬೇಕು. ಇಪ್ಪತ್ತು ಕೆ.ಜಿ. ತೋರಿಸಿತು. ಸೊನ್ನೆಯಾಯಿತು. ಮತ್ತೆ ಇಪ್ಪತ್ತು. ಲೈನಿನಲ್ಲೇ ದೋಷ ಎಂದು ಕೇಬಲ್ ಅಲುಗಿಸಿ ನೋಡಿದೆ. ಅಷ್ಟರಲ್ಲಿ ಅಂಕಿಗಳು ನಿಂತು ಅಕ್ಷರ ಬಂದವು. ಪೆಟ್ಟಿಗೆ ಕಿತ್ತು, ಮತ್ತೆ ಲ್ಯಾಪ್‌ಟಾಪ್ ಹಚ್ಚಿ ಅವರು ಕಳಿಸಿದ್ದು: 'ಗಾಬರಿ ಆಗಬ್ಯಾಡ. ಕಾಟಾದ ಮ್ಯಾಲೆ ಆಡು ನಿಂತೈತಿ. ಇಳದು ಮತ್ತ ಹತ್ತಾಕತ್ತೈತಿ.'

ನಾನು ಅಗಡಿಯಿಂದ ದಿನಾ ಬಸ್ಸಿನಲ್ಲಿ ಹಾವೇರಿಗೆ ಬರುವವಳು. ಬಸ್ಸಿನಲ್ಲಾಗಲಿ ಮನೆಯಲ್ಲಾಗಲಿ ಮಾತು ಕಡಿಮೆ. ಎದುರಿಗಿರುವವರು ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂದು ಗೊತ್ತಾದರೆ ಉತ್ತರವೇ ಹೊಳೆಯುವುದಿಲ್ಲ. ಲೈನಿನ ಮೇಲೆ ಹಾಗಾಗುತ್ತಿರಲಿಲ್ಲ. 'ನೀ ಏನ ನೋಡಾಕತ್ತಿ?' ಎಂದು ಅವರು ಕೇಳಿದಾಗ, 'ಗೋಡೆ ಮೇಲೆ ಹಲ್ಲಿ. ಎರಡು ದೀಪದ ನಡುವೆ ನಿಂತಿದೆ. ಯಾವ ಕಡೆ ಹೋಗಬೇಕೆಂದು ಅದಕ್ಕೆ ಗೊತ್ತಾಗುತ್ತಿಲ್ಲ' ಎಂದೆಲ್ಲ ಬರೆದಿದ್ದೇನೆ. ಇಂಥದನ್ನು ನಾನು ಬಾಯಿಂದ ಯಾರಿಗೂ ಹೇಳಿದವಳಲ್ಲ.

ಅವರಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ, ಗತ್ತು ಅಂದುಕೊಂಡಿದ್ದೆ. ಬಸ್ಸಿನಲ್ಲಿ ಯಾವಾಗಲೂ ಎಡಗಡೆಯ ಕಿಟಕಿಗೆ ಕುಳಿತು ಬಲಗಿವಿಯನ್ನು ಜನರ ಕಡೆಗೆ ಇಟ್ಟುಕೊಳ್ಳುವರು. ಗಾಳಿಯ ಆಸೆ ಅಂದುಕೊಂಡಿದ್ದೆ. ಫೋನ್ ಎತ್ತುತ್ತಿರಲಿಲ್ಲ. ಅದಕ್ಕೆ ಅವರದೊಂದು ಸಿದ್ಧಾಂತವೇ ಇತ್ತು. "ಫೋನಿನ್ಯಾಗ ಬಂತು ಅಂದ್ರ ಫೋನ್ ಚಲೋ ಐತಿ ಅಂತ. ವಾಯರಿನ್ಯಾಗ ಬಂತು ಅಂದ್ರ ವಾಯರ್ ಚಲೋ ಐತಿ ಅಂತ. ನಮಗ ಯಾವದು ಬೇಕು?" ಮಾತು ಸರಿಯಾಗಿಯೇ ಇತ್ತು. ಹಾಗಾಗಿ ಅದರ ಹಿಂದೆ ಏನಿದೆ ಎಂದು ಯಾರೂ ನೋಡಲಿಲ್ಲ.

ಒಂದು ದಿನ ಮೋಟೆಬೆನ್ನೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅವರ ಹಿಂದೆಯೇ ಒಂದು ಟ್ರಾಕ್ಟರಿನ ಟೈರು ಒಡೆಯಿತು. ನಾನು ಬೆಚ್ಚಿ ಕಿವಿ ಮುಚ್ಚಿಕೊಂಡೆ, ಕಾಗೆಗಳೆಲ್ಲ ಎದ್ದವು. ಅವರು ಶೇಂಗಾ ಸಿಪ್ಪೆ ಬಿಡಿಸುತ್ತಲೇ ಇದ್ದರು. ನನ್ನ ಮುಖ ನೋಡಿದ ಮೇಲೆ ತಿರುಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಶೇಂಗಾದ ಪೊಟ್ಟಣವನ್ನು ನನ್ನ ಕಡೆ ಚಾಚಿದರು, ನಾನು ತೆಗೆದುಕೊಂಡೆ.

ಗೊತ್ತಾದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು. ಕಿವಿ ಕೇಳದವರನ್ನು ಲಾರಿ ಓಡಾಡುವ ಅಂಗಳಕ್ಕೆ ಯಾವ ಕಂಪನಿಯೂ ಕಳಿಸುವುದಿಲ್ಲ. ಅವರು ಮನೆಯಲ್ಲಿ ಕೂರಬೇಕು. ಹಸಿವಿನ ಭಯವಲ್ಲ ಅದು; ಮಗ ಆಟೋ ಬಿಡಿಭಾಗಗಳ ಅಂಗಡಿ ಇಟ್ಟಿದ್ದ, ಮನೆ ನಡೆಯುತ್ತಿತ್ತು. ಅವರ ಭಯ ಏನೆಂದು ಒಮ್ಮೆ ಲೈನಿನ ಮೇಲೆ ತಾವಾಗಿಯೇ ಹೇಳಿದರು. ಕಿವಿಯ ಮಾತು ತೆಗೆಯಲಿಲ್ಲ. 'ಮನಿಯಾಗ ಎಲ್ಲಾರೂ ನನ್ನ ಮ್ಯಾಲೆ ಒದರ್ತಾರ. ಇಲ್ಲಿ ಯಾರೂ ಒದರೂದಿಲ್ಲ' ಎಂದು ಬಂತು. ನಾನು 'ಬಂತು' ಎಂದಷ್ಟೇ ಕಳಿಸಿದೆ.

ನಮ್ಮ ಮಾಲಕರಿಗೆ ಅನುಮಾನ ಶುರುವಾಗಿತ್ತು. ಒಂದು ದಿನ ನನ್ನನ್ನು ಕರೆದು ಕೇಳಿದರು. "ಫೋನ್ ಎತ್ತಂಗಿಲ್ಲ. ಎತ್ತಿದ್ರ ಹೂಂ ಹೂಂ ಅಂತಾರ. ನಾ ಹೇಳೂದೊಂದು, ಅವರು ಮಾಡೂದೊಂದು. ಚಾಚಾಗ ಕಿವಿ ಕೇಳಸ್ತೈತೋ ಇಲ್ಲೋ? ನೀ ಜೊತಿಗೆ ಇರ್ತಿ, ಖರೇ ಹೇಳು."

"ನಾ ಹೇಳಿದ್ದು ಅವರಿಗೆ ಒಂದೂ ಮುಟ್ಟದ ಹೋಗಿಲ್ರಿ," ಎಂದೆ. ಅದು ನಿಜವಾಗಿತ್ತು.

ಮರುದಿನ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ. 'ಬಂತೇನು', 'ಬಂತು' ಮುಗಿದ ಮೇಲೆ ನಾನು 'ಮಾಲಕರು ನಿಮ್ಮ ಬಗ್ಗೆ ಕೇಳಿದರು' ಎಂದು ಕಳಿಸಿದೆ. ನಂತರ 'ಏನಂದಿ?' ಎಂದು ಬಂತು.

'ಲೈನು ಚಲೋ ಐತಿ ಅಂದೆ.'

'ಶಾಣ್ಯಾಕಿ' ಎಂದರು. ಅದರ ಹಿಂದೆಯೇ, ಏನೂ ಆಗಿಲ್ಲವೆಂಬಂತೆ, 'ಇಲ್ಲಿ ಸೂರ್ಯಕಾಂತಿ ಬೀಜಕ್ಕ ಗುಲಾಬಿ ಬಣ್ಣ ಹಚ್ಚ್ಯಾರ. ಲಗ್ನಕ್ಕ ಹೊಂಟಂಗ ಕಾಣ್ತಾವ' ಎಂದರು.

ಅವರು ಕೆಲಸ ಬಿಟ್ಟದ್ದು ಮಾಲಕರು ಹೇಳಿದ್ದಕ್ಕಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಕಾಲ. ನಾನು ಮೊದಲ ದಿನ ಲೂಪಿನ ಜೊತೆ ಮಾತಾಡಿದ್ದೆನಲ್ಲ, ಅದೇ ಕೋಲ್ಡ್ ಸ್ಟೋರೇಜಿನ ಲೈನು ಪದೇ ಪದೇ ಬೀಳುತ್ತಿತ್ತು. ಅವರು ಕಾಟಾದ ಬದಿಗೆ ತಂತಿಯ ಜೋಡಣೆ ಪೆಟ್ಟಿಗೆ ತೆಗೆದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಲ್ಯಾಪ್‌ಟಾಪ್ ಮೊಣಕಾಲ ಮೇಲೆ. ನಾನು ಆಫೀಸಿನಲ್ಲಿ. ಒಂದು ಸ್ಕ್ರೂ ಬಿಗಿ ಮಾಡಿ, ಒಂದು ಮಾತು ಕಳಿಸಿ, ಹೀಗೆ ಸಾಗಿತ್ತು. 'ಈಗ ನೋ' ಎಂದು ಬಂತು. ಮುಂದೆ ಬರಲಿಲ್ಲ.

ಕಾದೆ. ಹಸಿರು ದೀಪ ಇತ್ತು. ನನ್ನ ಕಡೆಯ ಕೇಬಲ್ ಕಿತ್ತು ಮತ್ತೆ ಹಾಕಿದೆ. ಪರದೆಯ ಮೇಲೆ ಅಷ್ಟೇ ಇತ್ತು, 'ಈಗ ನೋ'. ಆಗ ಹೊರಗೆ ಜನ ಕೂಗುವುದು ಕೇಳಿಸಿತು. ಓಡಿದೆ.

ಚೀಲ ಹೇರಿದ್ದ ಲಾರಿಯೊಂದು ಕಾಟಾ ಹತ್ತಲು ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದಿದ್ದಾನೆ, ಕ್ಲೀನರ್ ಕೂಗಿದ್ದಾನೆ, ಇವರು ಬೆನ್ನು ಮಾಡಿ ಕುಳಿತೇ ಇದ್ದಾರೆ. ಕೊನೆಗೆ ಒಬ್ಬ ಹಮಾಲ ಕಾಲರ್ ಹಿಡಿದು ಜಗ್ಗಿ ಪಕ್ಕಕ್ಕೆ ಕೆಡವಿದ್ದ. ನಾನು ಹೋದಾಗ ಅವರು ಎದ್ದು ನಿಂತು ಪ್ಯಾಂಟಿನ ಧೂಳು ಕೊಡವುತ್ತಿದ್ದರು. ಮೊಣಕೈ ತರಚಿತ್ತು. ಲ್ಯಾಪ್‌ಟಾಪ್ ಪಕ್ಕದಲ್ಲಿ ಉರುಳಿ ಬಿದ್ದಿತ್ತು, ಒಡೆದಿರಲಿಲ್ಲ. ಅಂಗಿಯ ಕಾಲರ್ ಹರಿದಿತ್ತು.

"ಹಾರ್ನ್ ಹೊಡದು ಹೊಡದು ಡ್ರೈವರನ ಕೈ ಸೋತು ಹೋತು. ಕಿವ್ಯಾಗ ಹತ್ತಿ ಇಟ್ಕೊಂಡೀರೇನ್ ಚಾಚಾ?" ಹಮಾಲ ಇನ್ನೂ ಏದುಸಿರು ಬಿಡುತ್ತಿದ್ದ.

ಚಾಚಾ ಡ್ರೈವರನ ಕಡೆ ತಿರುಗಿ, "ಹಾರ್ನ್ ರಿಪೇರಿ ಮಾಡಸೋ ತಮ್ಮಾ. ಸೊಳ್ಳಿ ಗುಂಯ್‌ಗುಟ್ಟಿದಂಗ ಆಗತೈತಿ," ಎಂದರು. ಸುತ್ತ ನಿಂತವರು ನಕ್ಕರು. ಡ್ರೈವರ್ ಮಾತ್ರ ನಗಲಿಲ್ಲ. ಸ್ಟೇರಿಂಗ್ ಬಿಟ್ಟು ಇಳಿದು ಬಂದಿದ್ದ, ಅವನ ಕಾಲು ನಡುಗುತ್ತಿದ್ದವು. ಚಾಚಾ ಅವನ ಕಾಲನ್ನೇ ನೋಡಿದರು. ಆಮೇಲೆ ನನಗೆ ಆಫೀಸಿನ ಕಡೆ ಕೈ ಮಾಡಿ ಹೋಗು ಎಂದರು.

ನಾನು ಬಂದು ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಪರದೆಯಲ್ಲಿ ಉಳಿದಿದ್ದ 'ಈಗ ನೋ' ಮುಂದೆ 'ಡು' ಎಂದು ಬಂದು ಕೂತಿತು. ನೋಡಿದೆ. ಲೈನು ಗಟ್ಟಿಯಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಎಂದಿನಂತೆ ಕಿಟಕಿಗೆ ಕುಳಿತು, ಹರಿದ ಕಾಲರನ್ನು ಒಳಗೆ ಮಡಚಿಕೊಂಡು, ಹೊರಗೆ ನೋಡುತ್ತಲೇ ಹೇಳಿದರು. "ನಾಳಿಂದ ನಾ ಬರೂದಿಲ್ಲ ಬೇಟಾ. ಮಾಲಕರಿಗೆ ನಾನ ಹೇಳ್ತೇನಿ. ಇವತ್ತ ನನಗೇನರ ಆಗಿದ್ರ ಆ ಡ್ರೈವರನ್ನ ಒಳಗ ಹಾಕ್ತಿದ್ರು. ಅವಂದೇನ ತಪ್ಪಿತ್ತು? ಅವಾ ಹಾರ್ನ್ ಹೊಡದಿದ್ದ."

ಆ ಬಸ್ಸಿನ ಸದ್ದಿನಲ್ಲಿ ನನ್ನ ಮಾತು ಅವರಿಗೆ ಮುಟ್ಟಬೇಕಾದರೆ ಕೂಗಬೇಕಾಗಿತ್ತು. ನಮ್ಮಿಬ್ಬರ ನಡುವೆ ಕೂಗುವುದು ಇರಲಿಲ್ಲ.

ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಹೊಸ ಕಡೆಗಳಲ್ಲಿ ಈಗ ಮೋಡೆಮ್ಮಿನ ಮಾತೇ ಇಲ್ಲ, ಬೇರೆ ತಂತ್ರ ಬಂದಿದೆ. ಹಳೆಯ ನಾಲ್ಕಾರು ಲೈನುಗಳಿಗೆ ನಾನೊಬ್ಬಳೇ ಸಾಕು ಎಂದರು ಮಾಲಕರು. ಸಾಕು ಕೂಡ. ಆ ತುದಿಗೆ ನಡೆದು ಲೂಪ್ ಹಾಕುವುದು, ಈ ತುದಿಗೆ ವಾಪಸು ನಡೆದು ಬಂದು ಟೈಪ್ ಮಾಡುವುದು, ಬಂತೆಂದರೆ ಮತ್ತೆ ಹೋಗಿ ಲೂಪ್ ತೆಗೆಯುವುದು. ಲೂಪ್ ಅವರದೇ. ಕಳೆಯಬಾರದೆಂದು ಅದಕ್ಕೊಂದು ಹಸಿರು ದಾರ ಕಟ್ಟಿದ್ದರು.

ಒಂದು ಸಲ ರಾಣೆಬೆನ್ನೂರಿನ ಕೆಲಸ ಬೇಗ ಮುಗಿಯಿತೆಂದು ಅವರ ಮನೆಗೆ ಹೋದೆ. ಬಾಗಿಲು ತೆರೆದ ಚಾಚಿ ನನ್ನನ್ನು ಕೂರಿಸಿ, ಗಂಡನ ಕಿವಿಯ ಹತ್ತಿರ ಬಾಗಿ, "ಆಫೀಸಿನ ಹುಡುಗಿ ಬಂದಾಳ್ರೀ!" ಎಂದು ಕೂಗಿದರು. ಚಾಚಾ ಕಣ್ಣು ಮುಚ್ಚಿ ತೆರೆದರು. ಕಿವಿಗೆ ಮಷೀನ್ ತಂದಿದ್ದರಂತೆ, ಡಬ್ಬಿಯಲ್ಲಿ ಇತ್ತು. "ಅದು ಎಲ್ಲಾ ತರತೈತಿ," ಎಂದರು ನನಗೆ. "ಫ್ಯಾನು, ತಾಟು, ಬೀದ್ಯಾಗಿನ ಆಟೋ. ಮಾತೊಂದು ಬಿಟ್ಟು."

ನಾನು ನನ್ನ ಫೋನ್ ತೆಗೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಬಂತೇನು?' ಎಂದು ಟೈಪ್ ಮಾಡಿ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ತೋರುಬೆರಳಿನಿಂದ 'ಬಂತು' ಎಂದು ಒತ್ತಿ ವಾಪಸು ಕೊಟ್ಟರು. ಹೀಗೆ ಫೋನ್ ಅತ್ತ ಇತ್ತ ಓಡಾಡಿತು. ಚಹಾ ತಂದ ಚಾಚಿ ನೋಡುತ್ತ ನಿಂತರು.

"ಎದರಾಬದರ ಕುಂತು ಇದೇನ ಮಾಡಾಕತ್ತೀರವ್ವಾ ಇಬ್ಬರೂ? ಬಾಯಿಗೇನಾಗೈತಿ?"

ಚಾಚಾಗೆ ಅದು ಕೇಳಿಸಲಿಲ್ಲ. ಅವರು ಒತ್ತುತ್ತಿದ್ದುದು: 'ಬ್ಯಾಡಗಿ ಲೈನು ಹೆಂಗೈತಿ?'

'ಚಲೋ ಐತಿ.'

'ಆ ಕಡೆ ಯಾರ ಕುಂದರ್ತಾರ?'

'ಯಾರೂ ಇಲ್ಲ. ಲೂಪ್.'

ಅವರು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತರು. ಪರದೆಯ ಬೆಳಕು ಆರಿತು. ಆಮೇಲೆ ಏನೂ ಒತ್ತದೆ ವಾಪಸು ಕೊಟ್ಟು, "ಚಾ ಆರತೈತಿ, ಕುಡಿ," ಎಂದರು ಬಾಯಿಂದ.

ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಎರಡು ದಿನ ಬಿಟ್ಟು ಹೋದೆ. ಬಂದ ಹೆಂಗಸರ ನಡುವಿನಿಂದ ಚಾಚಿ ಎದ್ದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ನಿಂತುಕೊಂಡೇ ಕೇಳಿದರು. "ಮನಿಯಾಗ ಒಂದ ಮಾತು ಆಡತಿರಲಿಲ್ಲವ್ವಾ. ಕರದ್ರ ಬರೂದು, ಉಣ್ಣೂದು, ಕುಂದ್ರೂದು. ನಿನ್ನ ಜೊತಿ ಬಾಳ ಮಾತಾಡತಿದ್ರಂತಲ್ಲ. ಏನ ಮಾತಾಡತಿದ್ರು?"

ಚಾಚಿ ಕಾಯುತ್ತಿದ್ದರು. ಕೊನೆಗೆ ಆಡಿನ ಸುದ್ದಿ ಹೇಳಿದೆ; ಅದು ಕಾಟಾದ ಮೇಲೆ ಹತ್ತಿದ್ದು, ಇಳಿದದ್ದು, ಮತ್ತೆ ಹತ್ತಿದ್ದು. ಅವರು ಗಾಬರಿ ಆಗಬೇಡ ಎಂದದ್ದು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ, "ಮತ್ತ?" ಎಂದರು. ಗುಲಾಬಿ ಬಣ್ಣ ಹಚ್ಚಿಕೊಂಡು ಲಗ್ನಕ್ಕೆ ಹೊರಟಿದ್ದ ಬೀಜಗಳನ್ನು ಹೇಳಿದೆ. ಲಾರಿಯ ಹಿಂದಿನ ಮಾತುಗಳನ್ನು ಹೇಳಿದೆ. ಬಾಯಿಂದ ಅಷ್ಟು ಹೊತ್ತು ನಾನು ಯಾರ ಜೊತೆಗೂ ಮಾತಾಡಿದ್ದು ನೆನಪಿಲ್ಲ.

ಈ ವಾರ ಬ್ಯಾಡಗಿಯ ಆ ಲೈನು ಮತ್ತೆ ಬಿದ್ದಿತ್ತು. ಕಾಟಾದ ಬದಿಯ ಪೆಟ್ಟಿಗೆಯಲ್ಲಿ ಒಂದು ತಂತಿ ಸಡಿಲವಾಗಿತ್ತು. ಬಿಗಿ ಮಾಡಿದೆ. ಅವರು ಕುಳಿತ ಜಾಗದಲ್ಲೇ ಕುಳಿತಿದ್ದೆನಾದ್ದರಿಂದ ಆಗಾಗ ತಿರುಗಿ ಗೇಟಿನ ಕಡೆ ನೋಡುತ್ತಿದ್ದೆ. ಹಸಿರು ದಾರದ ಲೂಪ್ ಹಾಕಿ, ಅಂಗಳ ದಾಟಿ ಆಫೀಸಿಗೆ ಬಂದೆ. ದೀಪ ಹತ್ತಿತ್ತು.

'ಬಂತೇನು?' ಎಂದು ಟೈಪ್ ಮಾಡಿದೆ.

'ಬಂತೇನು?' ಎಂದು ಬಂತು.

ವಾಯರ್ ಚೆನ್ನಾಗಿತ್ತು. ಲೂಪ್ ತೆಗೆಯಲು ಎದ್ದು ಮತ್ತೆ ಆ ಕಡೆಗೆ ನಡೆದೆ.